ಹಕ್ಕಿಗಳನ್ನು ಕೇಳಿದವಳು

ಚನ್ನವೀರನ ಮುಖ ನೆನೆಸಿಕೊಂಡ್ರೆ ನನಗೆ ಇವತ್ತಿಗೂ ಮೈ ಉರಿಯುತ್ತೆ. ಉರೀಲಿ ಬಿಡಿ. ಮುರಿಗೆವ್ವನ ವಿಷಯ ತಣ್ಣಗೆ ಕೂತು ಹೇಳೋಕೆ ನನ್ನ ಕೈಲಿ ಆಗಲ್ಲ.

ಬಿಟಿಎಂ ಲೇಔಟಿನಲ್ಲಿ ನಮ್ಮನೆ ಕೆಳಗಡೆ ಬಾಡಿಗೆಗಿದ್ದವಳು ಅವಳು. ಬಾಗಲಕೋಟೆ ಕಡೆಯವಳು. ಗಂಡ, ಮೈದುನ ಚನ್ನವೀರ, ಇವಳು ಸೇರಿ ಒಂದು ಶೀಟಿನ ಶೆಡ್ಡಿನಲ್ಲಿ ಖಾನಾವಳಿ ನಡೆಸ್ತಿದ್ರು. ಆ ಕಡೆಯಿಂದ ಬಂದು ಇಲ್ಲಿ ಆಫೀಸುಗಳಲ್ಲಿ ದುಡಿಯೋ ಹುಡುಗರು ಇವಳ ಜೋಳದ ರೊಟ್ಟಿಗೆ ಸಾಲುಗಟ್ಟಿ ನಿಲ್ತಿದ್ರು. ಗಂಡ ಕಾಮಾಲೆಯಾಗಿ ತೀರಿಕೊಂಡ. ಇವಳು ಒಲೆ ಮುಂದಿನಿಂದ ಏಳಲಿಲ್ಲ. ಆ ರೊಟ್ಟಿಯ ಬಲದಲ್ಲೇ, ಎರಡು ಸಾವಿರದ ಒಂದನೇ ಇಸವಿಯಲ್ಲಿ, ಚನ್ನವೀರ ಖಾನಾವಳಿಗೆ ಅಂತ ಮೇನ್ ರೋಡಲ್ಲಿ ದೊಡ್ಡ ಅಂಗಡಿ ಬಾಡಿಗೆಗೆ ಹಿಡಿದ.

ಒಂದು ಮಧ್ಯಾಹ್ನ ಆ ಹೊಸ ಅಂಗಡಿಯ ಇನ್ವಿಟೇಷನ್ ಹಿಡ್ಕೊಂಡು ಮೇಲೆ ಬಂದಳು. ಕಣ್ಣು ಕೆಂಡ.

"ಅಕ್ಕಾರ, ಮುಹೂರ್ತ ಮುಗಿಯೂತನಕ ಎದುರಿಗೆ ಬರಬ್ಯಾಡ್ರಿ ವೈನಿ ಅಂದಾನ್ರೀ ಅಂವ. ಮುತ್ತೈದೇರು ಮುಂದ ನಿಂದರ್ತಾರಂತ. ರೊಟ್ಟಿ ಬಡ್ಯಾಕ ನಾ ಬೇಕು, ಬಾಗಲದಾಗ ನಿಂದ್ರಾಕ ಬ್ಯಾಡ!"

ನನಗೂ ಪಿತ್ತ ನೆತ್ತಿಗೇರಿತು. ಥೂ ಅವನ! ಅವಳು ಕಾರ್ಡಿನ ಮೇಲಿನ ದಪ್ಪಕ್ಷರಕ್ಕೆ ಬೆರಳಿಟ್ಟು, "ಇದೇನ್ರೀ, ಇಷ್ಟುದ್ದ?" ಅಂದಳು.

ನಾನು ಹೈಸ್ಕೂಲಲ್ಲಿ ಇಂಗ್ಲಿಷ್ ಟೀಚರ್. ಕೇಳಿದ್ರೆ ಸುಮ್ಮನಿರೋ ಜಾತಿಯಲ್ಲ. "ಇನಾಗರೇಷನ್ ಅಂತ. ಇನಾಗರೇಟ್ ಮಾಡೋದು ಅಂದ್ರೆ ಉದ್ಘಾಟನೆ ಮಾಡೋದು. ಆದ್ರೆ ಆ ಪದ ಹುಟ್ಟಿದ್ದು ರೋಮ್ ದೇಶದವರ ಹಳೇ ಭಾಷೇಲಿ. ಅವರಲ್ಲಿ ಆಗರ್ ಅಂತ ಒಬ್ಬ ಶಕುನ ನೋಡೋ ಪೂಜಾರಿ ಇರ್ತಿದ್ದ. ಏನೇ ಶುರು ಮಾಡೋಕೂ ಮುಂಚೆ ಅವನು ಆಕಾಶ ನೋಡ್ತಾ ನಿಲ್ಲೋನು. ಹಕ್ಕಿ ಯಾವ ಕಡೆ ಹಾರುತ್ತೆ, ಹೇಗೆ ಕೂಗುತ್ತೆ ನೋಡಿ, ದೇವರು ಒಪ್ಪಿದಾನೆ ಅಂದ್ರೆ ಮಾತ್ರ ಮುಂದಕ್ಕೆ. ಹಕ್ಕಿ ಶಕುನ ಕೇಳಿ ಶುರು ಮಾಡು ಅನ್ನೋದೇ ಮೂಲ ಅರ್ಥ. ಬರ್ತಾ ಬರ್ತಾ ಹಕ್ಕಿ ಹೋಯ್ತು, ರಿಬ್ಬನ್ನು, ಕತ್ತರಿ ಉಳೀತು."

ಅವಳು ಕಾರ್ಡನ್ನ ನಾಲ್ಕಾಗಿ ಮಡಚಿದಳು. ಆಮೇಲೆ, "ನನ್ನ ಕೇಳಾಕ ಅವಗ ಬಾಯಿ ಬರಲಿಲ್ಲ. ಹಕ್ಕಿನರ ಕೇಳೂಣ ತಗೋರಿ," ಅಂದಳು.

ಮಾರನೇ ಬೆಳಗ್ಗೆಯಿಂದ ಆ ಹೊಸ ಅಂಗಡಿಯ ಬಾಗಿಲ ಮೇಲಿನ ಸಜ್ಜಾ ಮೇಲೆ ರೊಟ್ಟಿ ಚೂರು ಎಸೆಯೋಕೆ ಶುರು ಮಾಡಿದಳು. ಮೊದಲು ಒಂದೆರಡು ಕಾಗೆ. ಆಮೇಲೆ ಬಿಟಿಎಂ ಕಾಗೆಗಳೆಲ್ಲ ನೆಂಟರ ಹಾಗೆ ಬರೋಕೆ ಶುರುವಾದ್ವು. ಯಾತಕ್ಕೆ ಅಂತ ನನಗೆ ಗೊತ್ತಿತ್ತು. ಚನ್ನವೀರ ಹಲ್ಲಿ ಲೊಚಗುಟ್ಟಿದ್ರೆ ಚಪ್ಪಲಿ ಬಿಚ್ಚಿ ಕೂರೋ ಆಸಾಮಿ. ನಾನು ತಡೀಲಿಲ್ಲ. ನಮ್ಮನೆ ತಂಗಳು ಚಪಾತಿನೂ ಕೊಟ್ಟು ಕಳಿಸಿದೆ.

ಉದ್ಘಾಟನೆ ದಿನ ಅವಳು ಕಾಗೆಗಳಿಗೆ ಏನೂ ಹಾಕಲಿಲ್ಲ. ಬಾಳೆಕಂದು, ಮಾವಿನ ತೋರಣ, ರೇಷ್ಮೆ ಸೀರೆಗಳು, ಪರಾತದ ತುಂಬ ಹೋಳಿಗೆ. ಚನ್ನವೀರ ಜರಿ ರುಮಾಲು ಸುತ್ತಿ ಕತ್ತರಿ ಎತ್ತಿದ. ಹಸಿದ ಕಾಗೆಗಳು ಕಾ ಕಾ ಅಂತ ಮುತ್ತಿಕೊಂಡ್ವು ನೋಡಿ! ಒಂದು ಹೋಳಿಗೆ ಮೇಲೆ, ಒಂದು ದೀಪದ ಕಂಬದ ಮೇಲೆ, ಇನ್ನೊಂದು ನೆಟ್ಟಗೆ ಬಂದು ಅವನ ರುಮಾಲಿಗೇ ಬಡೀತು. "ಕಾಗಿ ಮುಟ್ಟಿತೋ!" ಅಂತ ಕಿರುಚಿಕೊಂಡು ಕತ್ತರಿ ಬಿಸಾಕಿ ಓಡಿದ. ಮುತ್ತೈದೆಯರು ಸೆರಗು ತಲೆಗೆ ಹೊದ್ದು ಚದುರಿದರು. ನಾನು ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ.

ಆಮೇಲೆ ಅವನು ಆ ಕಟ್ಟಡದ ನೆರಳಿಗೂ ಹೋಗಲಿಲ್ಲ. ಶನಿ ಗುಡಿ, ಎಳ್ಳೆಣ್ಣೆ ದೀಪ, ಶಾಂತಿ ಅಂತ ಅಲೆದು ಅರ್ಧಕ್ಕರ್ಧ ಇಳಿದುಹೋದ. ಕಟ್ಟಡದ ಮಾಲೀಕ ಪಿಳ್ಳಪ್ಪನಿಗೆ ಮುರಿಗೆವ್ವನ ರೊಟ್ಟಿ ಅಂದ್ರೆ ಪ್ರಾಣ. ಅಂಗಡಿ ಅವಳಿಗೇ ಕೊಟ್ಟ. ಒಂದು ಸೋಮವಾರ ಅವಳೇ ಶಟರ್ ಎತ್ತಿ ಬಾಗಿಲಲ್ಲಿ ನಿಂತಳು. ಗಿರಾಕಿಗಳು ಹಾಗೇ ಒಳಗೆ ಬಂದ್ರು.

ಆದ್ರೆ ಅವಳ ಹೊಟ್ಟೆ ತಣ್ಣಗಾಗಲಿಲ್ಲ. "ಯಾರು ಮಾಡಿದ್ರು ಅಂತ ಅವಗ ಗೊತ್ತಾಗಬೇಕ್ರೀ. ಇಲ್ಲಂದ್ರ ಮಾಡಿ ಏನುಪಯೋಗ?" ಅನ್ನೋಳು.

ಕಡೆಗೊಂದು ದಿನ ಚನ್ನವೀರ ತಾನಾಗೇ, ಅಂಜುತ್ತಲೇ ಆ ಅಂಗಡಿಗೆ ಬಂದ. ಗಡ್ಡ ಬಿಟ್ಟು, ಸೊರಗಿ, ತಲೆ ತಗ್ಗಿಸಿ ಕೂತ. ನಾನೂ ಪಕ್ಕದ ಮೇಜಲ್ಲಿ ಊಟಕ್ಕೆ ಕೂತಿದ್ದೆ. ಮುರಿಗೆವ್ವ ಅವನ ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಎಣ್ಣೆಗಾಯಿ ಬಡಿಸಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದಳು:

"ಆ ಕಾಗಿ ತಾವಾಗೇ ಬಂದಿದ್ದಿಲ್ಲೋ. ರೊಟ್ಟಿ ಹಾಕಿ ಹಾಕಿ ರೂಢಿ ಮಾಡ್ಸಿದಾಕಿ ನಾನು. ನಿನ್ನ ಅಂಗಡಿ ಮುಚ್ಚಿಸಿದಾಕಿ ನಾನು!"

ಚನ್ನವೀರ ತಲೆ ಎತ್ತಿದ. ಅವನ ಕಣ್ಣಲ್ಲಿ ನೀರು.

"ನನಗ ಸಮಾಧಾನ ಆಗ್ಲಿ ಅಂತ ತಪ್ಪು ನಿಮ್ಮ ಮ್ಯಾಲ ಹಾಕ್ಕೋತೀರಲ್ರೀ ವೈನಿ. ನಿಮ್ಮಂಥಾ ಸಾಧು ಹೆಣ್ಣಮಗಳು ಇಂಥಾದ್ದು ಮಾಡತಾಳೇನ್ರೀ?"

ಮುರಿಗೆವ್ವ ಅವನ ಮುಂದಿನ ತಟ್ಟೆ ಕಿತ್ತುಕೊಂಡಳು.