ಕ್ಯಾಮೆರಾ ಕಣ್ಣಿಗೆ ಬೀಳದ ಗಾಡಿಗಳು

ಕಸದ ಆಟೋ ಓಡಿಸುವ ಹೆಂಗಸಿನ ಕೆಲಸ ಹೋಗುವ ಹಾಗಾಗಿದ್ದು ನನ್ನ ಬಾಯಿಂದ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆ ಹೇಳುತ್ತಾ ಹೇಳುತ್ತಾ ಮುದುಕಿ ತನ್ನನ್ನು ತಾನೇ ಒಳ್ಳೆಯವಳನ್ನಾಗಿ ಮಾಡಿಕೊಂಡಳು ಅಂತ ಯಾರೂ ಅನ್ನಬಾರದು.

ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆ ಒನ್‌ವೇ. ಬಂದವರೆಲ್ಲ ನಮ್ಮ ಗೇಟಿಗೇ ಅಡ್ಡವಾಗಿ ಗಾಡಿ ನಿಲ್ಲಿಸಿ ಹೋಗಿಬಿಡುತ್ತಿದ್ದರು. ಅದಕ್ಕೇ ಸೊಸೆ ಸಜ್ಜೆಯ ಕೆಳಗೆ ಕ್ಯಾಮೆರಾ ಹಾಕಿಸಿದಳು. ಗಾಡಿ ಅಂತ ಗೊತ್ತಾದರೆ ಮಾತ್ರ ಅದು ಚಿತ್ರ ಹಿಡಿದು ಅವಳ ಫೋನಿಗೆ ಕಳಿಸುತ್ತದೆ. ಜನ ಹೋದರೂ ನಾಯಿ ಹೋದರೂ ಸುಮ್ಮನಿರುತ್ತದೆ.

ದಸರಾ ಮುಗಿದ ಮೇಲೆ ಒಂದು ಎರಡನೇ ಶನಿವಾರ. ಸೊಸೆಗೆ ಬ್ಯಾಂಕಿಗೆ ರಜ. ಎರಡು ಮನೆ ಆಚೆಯ ರಿಟೈರ್ಡ್ ಮೇಷ್ಟರ ಸ್ಕೂಟರಿಗೆ ಬೆಳಿಗ್ಗೆ ಯಾವುದೋ ಗಾಡಿ ಗುದ್ದಿ, ಕೆಡವಿ, ಹೋಗಿತ್ತು. ಹಿಂದಿನ ದೀಪ ಪುಡಿ. ಆ ಜಾಗ ನಮ್ಮ ಕ್ಯಾಮೆರಾಗೆ ಕಾಣುವುದಿಲ್ಲ. ಆದರೆ ಅಲ್ಲಿಗೆ ಹೋಗುವ ಯಾವ ಗಾಡಿಯೂ ನಮ್ಮ ಮನೆ ಮುಂದೆ ಹಾದೇ ಹೋಗಬೇಕು.

ಮೇಷ್ಟ್ರು ಸೀದಾ ನಮ್ಮ ಜಗಲಿಗೆ ಬಂದರು. "ನೋಡಮ್ಮ, ಒಂಬತ್ತರಿಂದ ಹತ್ತರೊಳಗೆ ಯಾವ್ಯಾವ ಗಾಡಿ ಬಂದಿದೆ?"

ಸೊಸೆ ಫೋನು ತೆಗೆದಳು. ಇದ್ದದ್ದು ಒಂದೇ ಚಿತ್ರ, ಕಸದ ಆಟೋದ್ದು.

ಆಟೋ ಇನ್ನೂ ಹಿಂದಿನ ರಸ್ತೆಯಲ್ಲೇ ಇತ್ತು. ಮೇಷ್ಟ್ರು ಕರೆಸಿದರು. ಬೀದಿಯವರೂ ಸೇರಿದರು.

"ಗುದ್ದಿದ್ರೆ ನಾನೇ ಇಳಿದು ಹೇಳ್ತಿರ್ಲಿಲ್ವಾ ಸಾರ್? ಓಡಿಹೋಗಿ ಏನ್ ಮಾಡ್ಲಿ, ನಾಳಿದ್ದು ಮತ್ತೆ ಇದೇ ಬೀದಿಗೆ ತಾನೇ ಬರ್ಬೇಕು ನಾನು?" ಅಂದಳು ಅವಳು.

"ಕ್ಯಾಮೆರಾಗೆ ನಿನ್ ಮೇಲೇನಮ್ಮ ದ್ವೇಷ? ಕಂಡಿದ್ದು ಹೇಳುತ್ತೆ ಅದು." ಹಾಗಂದವಳು ನಾನು, ಅಷ್ಟು ಜನರ ಮುಂದೆ.

ಮೇಷ್ಟ್ರು ಕಸದ ಗಾಡಿಗಳ ಮೇಸ್ತ್ರಿಗೆ ಅಲ್ಲೇ ಫೋನು ಹಚ್ಚಿದರು. ಸೋಮವಾರದಿಂದ ಆ ಗಾಡಿ ಬೇರೆಯವರ ಕೈಗೆ ಅಂತ ತೀರ್ಮಾನವಾಯಿತು. ಅವಳು ನನ್ನ ಕಡೆ ಒಂದು ಸಲ ನೋಡಿದಳು. ಆಟೋ ಹತ್ತಿ ಹೋದಳು.

ಮಧ್ಯಾಹ್ನ ಸಾರು ಕುದಿಸುತ್ತಾ ನಿಂತಿದ್ದಾಗ ತಲೆಗೆ ಹೊಳೆಯಿತು. ಈ ಒಲೆ ಉರಿಯುತ್ತಿರುವುದು ಬೆಳಿಗ್ಗೆ ಬಂದ ಸಿಲಿಂಡರಿನಿಂದ. ಅದನ್ನು ತಂದ ಗಾಡಿ ಕಸದ ಆಟೋ ಹೋದ ಹಿಂದೆಯೇ ಬಂದು ನಮ್ಮ ಗೇಟಿಗೆ ಅಂಟಿಕೊಂಡು ನಿಂತಿತ್ತು.

"ಏ, ಗ್ಯಾಸ್ ಗಾಡಿ ಎಲ್ಲೇ?"

"ಯಾವ ಗ್ಯಾಸ್ ಗಾಡಿ ಅತ್ತೆ?"

"ನಿನ್ ಫೋನಲ್ಲಿ ಕಣೇ. ಕಸದ ಆಟೋ ಇದೆ. ಗ್ಯಾಸ್ ಗಾಡಿ ಎಲ್ಲಿ?"

ಹುಡುಕಿದಳು. ಇರಲಿಲ್ಲ. ಗೇಟಿನ ಮುಂದೆ ಹತ್ತು ನಿಮಿಷ ನಿಂತ ಗಾಡಿಯನ್ನೇ ನೋಡದ ಕ್ಯಾಮೆರಾ ಇನ್ನೆಷ್ಟು ಗಾಡಿ ಬಿಟ್ಟಿದೆಯೋ. ನನಗೆ ಊಟ ಸೇರಲಿಲ್ಲ ಅಂತೇನೂ ಹೇಳುವುದಿಲ್ಲ, ಊಟ ಮಾಡಿದೆ. ಆದರೆ ಭಾನುವಾರ ಬೆಳಿಗ್ಗೆ ಸೀಮೆಸುಣ್ಣ ಹಿಡಿದು ಜಗಲಿ ಮೇಲೆ ಕೂತೆ.

ಅಕ್ಷರ ಬರೆಯುವುದು ನನಗೆ ನಿಧಾನ. ಅದಕ್ಕೆ ಕಾರಿಗೆ ಚೌಕ, ಆಟೋಗೆ ಸೊನ್ನೆ, ಸ್ಕೂಟರಿಗೆ ಒಂದು ಗೀಟು. ನಮ್ಮ ಗೋಡೆ ಪಕ್ಕ ಹೋದವು ಒಂದು ಸಾಲು, ಎದುರು ಮನೆ ಪಕ್ಕ ಹೋದವು ಇನ್ನೊಂದು ಸಾಲು. ಕೆಂಪು ನೆಲದ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಒಂದು ಗಂಟೆ ಆದ ಮೇಲೆ ಸೊಸೆ ಫೋನು ಹಿಡಿದು ಬಂದು ಪಕ್ಕದಲ್ಲಿ ಕೂತಳು. ಎದುರು ಪಕ್ಕದವು ಹೆಚ್ಚು ಕಮ್ಮಿ ಎಲ್ಲಾ ಇದ್ದವು. ನಮ್ಮ ಗೋಡೆ ಪಕ್ಕದವು ಒಂದೂ ಇಲ್ಲ.

"ಚಿತ್ರದ ಕೆಳಗಡೆ ಹಳದಿ ಹಳದಿ ಇದೆಯಲ್ಲ ಅತ್ತೆ, ಬಿಸಿಲು ಅಂದ್ಕೊಂಡಿದ್ದೆ ನಾನು" ಅಂದಳು. ಸ್ಟೂಲು ಹತ್ತಿ ನೋಡಿ ನಗಲು ಶುರುಮಾಡಿದಳು. "ಅತ್ತೆ, ಇದಕ್ಕೂ ಇಟ್ರಾ?"

ಇಟ್ಟಿದ್ದೆ. ಆಯುಧಪೂಜೆ ದಿನ ನಾನೇ ಸ್ಟೂಲು ಹತ್ತಿ ಅರಿಶಿನ ಕುಂಕುಮ ಇಟ್ಟಿದ್ದೆ, ಗಾಜಿನ ಮೇಲೇ.

"ಈಳಿಗೆಮಣೆಗೆ ಇಡ್ಲಿಲ್ವಾ? ಮಿಕ್ಸಿಗೆ ಇಡ್ಲಿಲ್ವಾ? ಇದೊಂದೇನ್ ಪಾಪ ಮಾಡಿತ್ತು?"

"ಮಿಕ್ಸಿಗೆ ಕಣ್ಣಿಲ್ವಲ್ಲ ಅತ್ತೆ."

ಒದ್ದೆ ಬಟ್ಟೆಯಲ್ಲಿ ಒರೆಸಿದಳು. ಇನ್ನೊಂದು ಗಂಟೆ ಗೀಟು ಹಾಕಿದೆ. ಈಗ ಅರ್ಧ ಸಿಕ್ಕಿದವು, ಗೋಡೆಗೆ ತೀರ ಹತ್ತಿರ ಹೋದವು ಇನ್ನೂ ಇಲ್ಲ. ಅದು ಅವಳ ತಪ್ಪು. ಎಲ್ಲಿ ಗಾಡಿ ನೋಡಬೇಕು ಅಂತ ಫೋನಿನಲ್ಲಿ ಒಂದು ಚೌಕ ಎಳೆದಿಡಬೇಕಂತೆ, ಅವಳು ನಮ್ಮ ಗೋಡೆಯ ಅಂಚು ಬಿಟ್ಟು ಎಳೆದಿದ್ದಳು. ಗೋಡೆಯವರೆಗೂ ಎಳೆದಳು, ಕ್ಯಾಮೆರಾವನ್ನು ಚೂರು ಕೆಳಕ್ಕೆ ಬಗ್ಗಿಸಿದಳು. ಮೂರನೇ ಸಲ ಸೈಕಲ್ಲು, ತಳ್ಳುಗಾಡಿ ಬಿಟ್ಟರೆ ನನ್ನ ಗೀಟೂ ಅವಳ ಫೋನೂ ಸರಿಯಾಗಿ ತಾಳೆಯಾದವು.

ಮೇಷ್ಟರನ್ನು ಕರೆದು ನೆಲ ತೋರಿಸಿದೆ. ಕನ್ನಡಕ ಏರಿಸಿ ನೋಡಿ, "ಹಾಗಾದ್ರೆ ಗುದ್ದಿದ್ದು ಯಾರು?" ಅಂದರು.

"ಗೊತ್ತಿಲ್ಲ ಮೇಷ್ಟ್ರೇ. ಅವ್ಳು ಅಂತ್ಲೂ ಗೊತ್ತಿಲ್ಲ. ಅಷ್ಟೇ ನಾನು ಹೇಳ್ತಿರೋದು."

ಕನ್ನಡಕ ಇಳಿಸಿ, "ಮೇಸ್ತ್ರಿಗೆ ನಾನೇ ಫೋನ್ ಮಾಡ್ತೀನಿ ಬಿಡಿ" ಅಂದರು. ದೀಪ ಒಡೆಸಿಕೊಂಡವರು ಅವರು, ಅವರ ಕೋಪವೂ ತಪ್ಪಲ್ಲ.

ಫೋನು ಸಾಲದು ಅನ್ನಿಸಿತು. ಸೋಮವಾರ ಬೆಳಗಾಗುತ್ತಲೇ ಕಸದ ಗಾಡಿಯವರು ಹಾಜರಿ ಹಾಕುವ ಮೈದಾನದ ಮೂಲೆಗೆ ನಡೆದೆ. ಅವಳು ಗಾಡಿಯಿಲ್ಲದೆ ಒಂದು ಕಡೆ ನಿಂತಿದ್ದಳು.

"ಮೇಷ್ಟ್ರು ಫೋನ್ ಮಾಡಿದ್ರು ಅಜ್ಜಿ, ನೀವ್ಯಾಕೆ ಬರೋಕೋದ್ರಿ?" ಅಂದ ಮೇಸ್ತ್ರಿ.

"ಎಲ್ಲರ ಮುಂದೆ ಅಂದಿದ್ದೆ, ಎಲ್ಲರ ಮುಂದೆನೇ ವಾಪಸ್ ತಗೋತೀನಿ. ಕ್ಯಾಮೆರಾಗೆ ಕುಂಕುಮ ಬಳಿದು ಕುರುಡು ಮಾಡಿದ್ದು ನಾನು. ಈ ಹುಡುಗಿ ಗುದ್ದಿದ್ದು ಯಾರೂ ಕಂಡಿಲ್ಲ. ಗಾಡಿ ಕೊಡು ಅವ್ಳಿಗೆ."

ನಾಲ್ಕು ಜನ ನಕ್ಕರು. ನಗಲಿ. ಮೇಸ್ತ್ರಿ ಕೀ ತೆಗೆದು ಅವಳಿಗೆ ಕೊಟ್ಟ.

ಒಂಬತ್ತು ಗಂಟೆಗೆ ಆಟೋ ನಮ್ಮ ಬೀದಿಗೆ ಬಂತು. ಬಕೆಟ್ಟು ಹಿಡಿದು ಗೇಟಿನಲ್ಲಿ ನಿಂತಿದ್ದೆ. ಇಳಿದು ಬಂದು ಇಸಿದುಕೊಂಡಳು.

"ಅವತ್ತೇ ನನ್ನನ್ನ ಒಂದ್ ಮಾತು ಸರಿಯಾಗಿ ಕೇಳ್ಬೋದಿತ್ತು ಅಜ್ಜಿ."

"ಕೇಳ್ಬೋದಿತ್ತು" ಅಂದೆ.

ಕಸ ಸುರಿದುಕೊಂಡು ಬಕೆಟ್ಟು ವಾಪಸ್ಸು ಕೊಟ್ಟಳು. ಮುಂದಿನ ಮನೆಗೆ ಹಾರ್ನ್ ಹೊಡೆದಳು.