ಸಾಕ್ಷಿಯ ಪಕ್ಕದ ಕುರ್ಚಿ

ಗಂಗಕ್ಕ ಹೊತ್ತು ತಿರುಗುತ್ತಿದ್ದ ಯಂತ್ರವನ್ನು ಪುಣೆಯ ಬಸ್ಸಿನವರೆಲ್ಲ ಹೊಲಿಗೆ ಯಂತ್ರ ಎಂದೇ ನಂಬಿದ್ದರು. ಕಾತ್ರಜದಲ್ಲಿ ಆಕೆ ಅದನ್ನು ಎತ್ತಿ ಬಸ್ಸಿನೊಳಗೆ ಇಟ್ಟಳೆಂದರೆ ಕಂಡಕ್ಟರ್ "ಮಾವಶಿ, ಮಶೀನ ಬಾಜೂಲಾ ಘ್ಯಾ", ಮಶೀನು ಪಕ್ಕಕ್ಕೆ ಸರಿಸಿ, ಎಂದು ಮರಾಠಿಯಲ್ಲಿ ಕೂಗುತ್ತಿದ್ದ. ಎದುರುಮನೆಯ ಸಾಬವ್ವನಂತೂ ಎರಡು ಸಲ ಜಂಪರಿನ ಬಟ್ಟೆ ತಂದುಕೊಟ್ಟಿದ್ದಳು. ಗಂಗಕ್ಕ ಯಾರಿಗೂ ಬಿಡಿಸಿ ಹೇಳುವ ಗೋಜಿಗೆ ಹೋಗಲಿಲ್ಲ. ಬಟ್ಟೆಯನ್ನು ಮಾತ್ರ ಮಡಚಿ ವಾಪಸ್ ಕೊಟ್ಟಳು.

ಅದು ಹೊಲಿಗೆ ಯಂತ್ರವಲ್ಲ, ಮಾತು ಹಿಡಿಯುವ ಯಂತ್ರ. ಸ್ಟೆನೊಟೈಪ್ ಅನ್ನುತ್ತಾರೆ. ಇಪ್ಪತ್ತು ಚಿಲ್ಲರೆ ಕೀಲಿಗಳು ಅಷ್ಟೇ, ಅವುಗಳ ಮೇಲೆ ಅಕ್ಷರವೂ ಇಲ್ಲ. ಹಾರ್ಮೋನಿಯಂ ಬಾರಿಸುವವರ ಹಾಗೆ ನಾಲ್ಕೈದು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಒಂದು ಉಚ್ಚಾರ. ಆಡಿದ ಮಾತು ಆಡಿದ ವೇಗದಲ್ಲೇ ಇಂಗ್ಲಿಷಿನ ಗುರುತುಗಳಾಗಿ ಒಂದು ಕಾಗದದ ಪಟ್ಟಿಯ ಮೇಲೆ ಇಳಿಯುತ್ತದೆ. ಸಂಜೆ ಆ ಪಟ್ಟಿಯನ್ನು ಓದಿ ಟೈಪು ಮಾಡಬೇಕು.

ನಾನು ರೇಣು. ೨೦೦೧ರಲ್ಲಿ, ಗಂಗಕ್ಕ ಕೆಲಸ ಮಾಡುತ್ತಿದ್ದ ಆಫೀಸಿಗೇ ಸೇರಿದವಳು. ಗಂಗಕ್ಕ ಟೈಪು ಮಾಡಿದ್ದನ್ನು ಪಟ್ಟಿಯ ಜೊತೆ ತಾಳೆ ನೋಡುವುದು ನನ್ನ ಕೆಲಸ. ನನಗೆ ಸಿಟ್ಟು ಬೇಗ ಬರುತ್ತದೆ, ತಪ್ಪು ಕಂಡರೆ ಸುಮ್ಮನಿರುವುದಕ್ಕೆ ಆಗುವುದಿಲ್ಲ. ಈ ಗುಣಕ್ಕೆ ಮನೆಯಲ್ಲಿ ಬೈಗುಳ ತಿಂದಿದ್ದೇ ಹೆಚ್ಚು, ಆಫೀಸಿನಲ್ಲಿ ಮಾತ್ರ ಅದಕ್ಕೇ ಸಂಬಳ ಕೊಡುತ್ತಿದ್ದರು.

ಗಂಗಕ್ಕನ ಪೂರ್ತಿ ಹೆಸರು ಶಿವಗಂಗವ್ವ. ಆಕೆಯ ಅಪ್ಪ ಕರ್ನಾಟಕದ ಇಂಡಿ ತಾಲ್ಲೂಕಿನ ಕಡೆಯಿಂದ ಬಂದು ಲಕ್ಷ್ಮಿ ರಸ್ತೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಮಗಳು ಶಾರ್ಟ್‌ಹ್ಯಾಂಡ್ ಕಲಿತು ೧೯೭೬ರಲ್ಲಿ ಕೋರ್ಟಿನ ಸ್ಟೆನೊ ಆದಳು. ನಮ್ಮ ಕೋರ್ಟುಗಳಲ್ಲಿ ಒಂದು ಪದ್ಧತಿ ಇದೆ. ಸಾಕ್ಷಿ ಹೇಳಿದ್ದನ್ನು ಸ್ಟೆನೊ ಬರೆದುಕೊಳ್ಳುವುದಿಲ್ಲ. ಸಾಕ್ಷಿ ಮರಾಠಿಯಲ್ಲಿ ತೊದಲುತ್ತಾನೆ, ಅಳುತ್ತಾನೆ, ನಡುವೆ ತನ್ನ ಭಾವಮೈದುನನ ಮದುವೆಯ ಕಥೆಯನ್ನೂ ತರುತ್ತಾನೆ. ಜಡ್ಜ್ ಸಾಹೇಬರು ಎಲ್ಲ ಕೇಳಿಸಿಕೊಂಡು, ಸಾರವನ್ನು ಒಂದೆರಡು ಅಚ್ಚುಕಟ್ಟು ಇಂಗ್ಲಿಷ್ ವಾಕ್ಯಗಳಲ್ಲಿ ಬರೆಸುತ್ತಾರೆ. ಅಲ್ಲಿಯವರೆಗೆ ಸ್ಟೆನೊ ಪೆನ್ಸಿಲ್ ಹಿಡಿದು ಬಾಯಿ ಮುಚ್ಚಿಕೊಂಡು ಕೂತಿರಬೇಕು. ಇಪ್ಪತ್ತೊಂದು ವರ್ಷ ಹಾಗೆ ಕೂತು ಕೂತು ಗಂಗಕ್ಕನಿಗೆ ಒಂದು ವಿದ್ಯೆ ಕೈವಶವಾಗಿತ್ತು. ಸಾಕ್ಷಿಯ ಮಾತು ಮುಗಿಯುವ ಹೊತ್ತಿಗೆ, ಸಾಹೇಬರು ಏನು ಬರೆಸುತ್ತಾರೆ ಎನ್ನುವುದು ಆಕೆಯ ತಲೆಯಲ್ಲಿ ತಯಾರಾಗಿರುತ್ತಿತ್ತು.

೧೯೯೭ರಲ್ಲಿ ಬಿಂದುಮಾಧವ ಎಂಬುವವರು ಆಕೆಯನ್ನು ಕೋರ್ಟಿನಿಂದ ಬಿಡಿಸಿ ಕರೆತಂದರು. ಕಂಪನಿಗಳು ಕೋರ್ಟಿನ ಹೊರಗೆ, ನಿವೃತ್ತ ಜಡ್ಜರೊಬ್ಬರ ಮುಂದೆ ಜಗಳ ಬಗೆಹರಿಸಿಕೊಳ್ಳುತ್ತವಲ್ಲ, ಅಂಥ ವಿಚಾರಣೆಗಳ ಮಾತನ್ನು ಬರೆದುಕೊಡುವ ಆಫೀಸು ಅವರದು. ಅಲ್ಲಿ ಸಾರಾಂಶ ನಡೆಯುವುದಿಲ್ಲ, ಆಡಿದ್ದು ಆಡಿದ ಹಾಗೇ ಬೇಕು. ಅದಕ್ಕಾಗಿ ಅವರು ಪರದೇಶದಿಂದ ಹಳೆಯದೊಂದು ಯಂತ್ರ ತರಿಸಿದ್ದರು. ನಲವತ್ತು ದಾಟಿದ ಗಂಗಕ್ಕ ಒಂದೂವರೆ ವರ್ಷ ಕೂತು ಅದನ್ನು ಕಲಿತಳು. ಕಬ್ಬಿಣದ ಮೈ, ಮೂರು ಕಾಲಿನ ಸ್ಟ್ಯಾಂಡು, ಒತ್ತಿದರೆ ರೊಟ್ಟಿ ಬಡಿದಷ್ಟು ಸದ್ದು. ಗಂಗಕ್ಕ ಅದಕ್ಕೆ "ಎಮ್ಮಿ" ಎಂದು ಹೆಸರಿಟ್ಟಿದ್ದಳು.

ಹಳೆಯ ಚಾಳಿ ಮಾತ್ರ ಹೋಗಿರಲಿಲ್ಲ. ಪಟ್ಟಿಯ ಮೇಲೆ ಮಾತೆಲ್ಲ ಇದ್ದಂತೆಯೇ ಇಳಿಯುತ್ತಿತ್ತು. ಆದರೆ ಸಂಜೆ ಟೈಪು ಮಾಡುವಾಗ ಆಕೆ ಜನರ ಮಾತಿಗೆ ತಲೆ ಬಾಚಿ ಹೂ ಮುಡಿಸಿಬಿಡುತ್ತಿದ್ದಳು. ನಾನು ಪಟ್ಟಿ ನೋಡಿ ಮತ್ತೆ ಕೆದರುತ್ತಿದ್ದೆ.

"ಅಲ್ರಿ ಗಂಗಕ್ಕ, ಈ ಮನಶ್ಯಾ ಆರು ಸಲ 'ಐ ಮೀನ್' ಅಂದಾನ. ನೀವು ಒಂದೂ ಇಟ್ಟಿಲ್ಲ."

"ಪಾಪ, ಮಂದಿ ಏನಂದಾರು? ಓದಾವ್ರಿಗೂ ತ್ರಾಸ."

"ಅದು ಅವನ ತ್ರಾಸ. ನಿಮಗ್ಯಾಕ?"

ಆಕೆ ನಗುತ್ತಿದ್ದಳು. ಆರೂ ವಾಪಸ್ ಬರುತ್ತಿದ್ದವು. ನಮ್ಮ ಸಂಜೆಗಳು ಹೀಗೇ ಕಳೆಯುತ್ತಿದ್ದವು.

೨೦೦೬ರಲ್ಲಿ ಹೊಸ ಯಂತ್ರ ಬಂತು. ಬಿಂದುಮಾಧವರು ಅದನ್ನು ಒಂದೇ ಕೈಯಲ್ಲಿ ಹಿಡಿದು ತಂದಾಗ ಗಂಗಕ್ಕ, "ಉಳಿದದ್ದು ಎಲ್ಲಿ ಅದ್ರಿ?" ಎಂದು ಕೇಳಿದಳು. ಉಳಿದದ್ದು ಏನೂ ಇರಲಿಲ್ಲ. ಎರಡು ಕಿಲೋ ಕೂಡ ತೂಗದ ಯಂತ್ರ, ಚೀಲದಲ್ಲಿ ಊಟದ ಡಬ್ಬಿಯ ಪಕ್ಕ ಕೂರುತ್ತಿತ್ತು. ಕಾಗದದ ಪಟ್ಟಿಯೂ ಇಲ್ಲ. ಒತ್ತಿದ್ದು ಆ ಕ್ಷಣವೇ ಇಂಗ್ಲಿಷ್ ವಾಕ್ಯವಾಗಿ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ. ವಕೀಲರ ಮುಂದೆ, ಜಡ್ಜರ ಮುಂದೆ ಒಂದೊಂದು ಪರದೆ ಇಟ್ಟರೆ ಅವರೂ ಓದುತ್ತಾರೆ.

ಬಿಂದುಮಾಧವರು ಮಾತನ್ನು ಸುತ್ತಿ ಬಳಸಿ ಆಡುವವರಲ್ಲ. "ಮುಂದಿನ ತಿಂಗಳ ಶಿರೂರಿನ ಗೋದಾಮಿನ ಕೇಸ್ ಅದ. ಐದು ದಿನ. ಇದರ ಮ್ಯಾಲೇ ಬರೀಬೇಕು. ಕೈಗೆ ಹತ್ತಿದ್ರ ನಿಮ್ಮ ಕುರ್ಚಿ ನಿಮ್ಮದ. ಇಲ್ಲಂದ್ರ ಮುಂಬೈದಿಂದ ಒಬ್ಬಾಕಿ ಬರ್ತಾಳ, ನೀವು ರೇಣು ಜೋಡಿ ಆಫೀಸಿನ್ಯಾಗ ಕುಂತು ತಿದ್ದರಿ."

ಸಾಕ್ಷಿಯ ಪಕ್ಕದ ಆ ಕುರ್ಚಿ ಗಂಗಕ್ಕನಿಗೆ ಏನು ಎನ್ನುವುದು ನನಗೆ ಗೊತ್ತಿತ್ತು. ಮದುವೆಯಾಗದೆ, ತಮ್ಮಂದಿರನ್ನು ದಡ ಸೇರಿಸಿ, ಎಲ್ಲರ ಮನೆಯಲ್ಲೂ ಹಾಸಿಗೆಯ ಅಂಚಿನಲ್ಲಿ ಕೂತು ಎದ್ದುಬರುತ್ತಿದ್ದ ಹೆಂಗಸು ಆಕೆ. ಆ ಕುರ್ಚಿಯಲ್ಲಿ ಕೂತಾಗ ಮಾತ್ರ, ಆಕೆ ಕೈ ಎತ್ತಿದರೆ ದೊಡ್ಡ ದೊಡ್ಡ ವಕೀಲರೂ ಮಾತು ನಿಲ್ಲಿಸುತ್ತಿದ್ದರು. ಅದು ಹೋದರೆ ಆಕೆ ಒಂದು ಮಾತೂ ಆಡದೆ ಆಫೀಸಿಗೆ ಬಂದು ಹೋಗುತ್ತಿರುತ್ತಾಳೆ, ಅಷ್ಟೇ.

ಮೊದಲ ವಾರ ಗ್ರಹಚಾರವೇ. ಎಮ್ಮೆಯನ್ನು ಗುದ್ದಿ ಪಳಗಿದ ಬೆರಳುಗಳಿಗೆ ಈ ಹಗುರ ಕೀಲಿಗಳು ಲೆಕ್ಕಕ್ಕೇ ಸಿಗಲಿಲ್ಲ. ಸುಮ್ಮನೆ ಮೇಲೆ ಇಟ್ಟ ಬೆರಳನ್ನೂ ಯಂತ್ರ ಮಾತು ಎಂದು ತಿಳಿಯುತ್ತಿತ್ತು. ಇಲ್ಲದ ಅಕ್ಷರಗಳೆಲ್ಲ ಪರದೆಯ ಮೇಲೆ ಇರುವೆಗಳ ಹಾಗೆ ಹರಿದವು. "ಇದು ನಾ ಉಸುರು ಬಿಟ್ರೂ ಬರೀತದಲ್ಲೇ!" ಎಂದು ಗಂಗಕ್ಕ ಗಾಬರಿಯಾದಳು. ಭಾನುವಾರಗಳಂದು ನಾನು ಕಾತ್ರಜದ ಆಕೆಯ ಮನೆಗೆ ಹೋಗಿ ಇಂಗ್ಲಿಷ್ ಪೇಪರಿನ ವಧು-ವರರ ಜಾಹೀರಾತುಗಳನ್ನು ಓದಿದೆ, ಆಕೆ ಒತ್ತಿದಳು. ಗೋಧಿಬಣ್ಣದ, ಗೃಹಕೃತ್ಯದಲ್ಲಿ ನಿಪುಣೆಯರಾದ ಕನಿಷ್ಠ ಇನ್ನೂರು ಕನ್ಯೆಯರು ನಮ್ಮ ಕೈಕೆಳಗೆ ಹಾದುಹೋದರು. ಮೂರನೆಯ ಭಾನುವಾರ ಬೆರಳುಗಳಿಗೆ ಬುದ್ಧಿ ಬಂತು. ನಾಲ್ಕನೆಯದಕ್ಕೆ ಆಕೆ ಒತ್ತುತ್ತಲೇ ನನ್ನ ಜೊತೆ ಹರಟೆಗೆ ಶುರುವಿಟ್ಟಳು. ಕೈ ಹಗುರಾಗಿ ತಲೆಗೆ ಪುರುಸೊತ್ತು ಸಿಕ್ಕಿತ್ತು. ಆ ಪುರುಸೊತ್ತೇ ಮುಂದೆ ತೊಂದರೆ ತಂದಿತು.

ವಿಚಾರಣೆ ನಡೆದದ್ದು ಶಿವಾಜಿನಗರದ ಒಂದು ಹೋಟೆಲಿನ ಹಾಲಿನಲ್ಲಿ. ಗೋದಾಮಿನ ನೆಲ ಕುಸಿದಿತ್ತು. ಕಟ್ಟಿಸಿದ ಕಂಪನಿ ನೆಲದ ಗುತ್ತಿಗೆದಾರ ಸಿದ್ರಾಮಪ್ಪನ ಕಡೆ ಬೆರಳು ಮಾಡಿದರೆ, ಅವನು ಕಂಪನಿಯ ಇಂಜಿನಿಯರನ ಕಡೆ ಮಾಡುತ್ತಿದ್ದ. ತೀರ್ಪು ಕೊಡುವವರು ಪಂಢರಿನಾಥ ಸಾಹೇಬರು. ಗಂಗಕ್ಕ ಕೋರ್ಟಿನಲ್ಲಿದ್ದಾಗ ಆರು ವರ್ಷ ಆಕೆಗೆ ಬರೆಸಿದ ಜಡ್ಜರು ಅವರೇ. ನಾನು ಗಂಗಕ್ಕನ ಪಕ್ಕದಲ್ಲೇ ಲ್ಯಾಪ್‌ಟಾಪ್ ನೋಡುತ್ತ ಕೂತಿದ್ದೆ. ಎರಡು ದಿನ ಎಲ್ಲ ಬೆಣ್ಣೆಯ ಹಾಗೆ ಸಾಗಿತು. ಹಿಂದಿನ ಸಾಲಿನಲ್ಲಿದ್ದ ಬಿಂದುಮಾಧವರು ಬಿಸ್ಕೀಟು ತಿನ್ನುವಷ್ಟು ನಿರಾಳವಾಗಿದ್ದರು.

ಮೂರನೆಯ ದಿನ ಸಿದ್ರಾಮಪ್ಪ ಸಾಕ್ಷಿ ಹೇಳಲು ಕೂತ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಮಗರಪಟ್ಟಾದಲ್ಲಿ ಮಣ್ಣು ಹೊತ್ತು, ಗುತ್ತಿಗೆದಾರನಾದವನು. ದುಭಾಷಿ ಬೇಡವೆಂದ, ಇಂಗ್ಲಿಷಿನಲ್ಲೇ ಹೇಳುತ್ತೇನೆ ಎಂದ. ಅಲ್ಲಿ ನಡೆದದ್ದನ್ನೆಲ್ಲ ನಾನು ಕನ್ನಡದಲ್ಲಿ ಹೇಳುತ್ತೇನೆ, ಅವನ ಇಂಗ್ಲಿಷಿನ ಚೆಂದ ಮಾತ್ರ ಇದರಲ್ಲಿ ಬರುವುದಿಲ್ಲ.

"ಕೆಳಗಿನ ಮಣ್ಣು ಇನ್ನೂ ಕೂತಿಲ್ಲ ಎಂದು ನೀವು ಇಂಜಿನಿಯರರಿಗೆ ತಿಳಿಸಿದಿರಾ?" ಎಂದು ಅವನ ಕಡೆಯ ವಕೀಲರು ಕೇಳಿದರು. ಇಡೀ ಕೇಸು ನಿಂತಿದ್ದೇ ಈ ಪ್ರಶ್ನೆಯ ಮೇಲೆ.

ಸಿದ್ರಾಮಪ್ಪ ಹೇಳಿದ: "ಹೇಳಬೇಕೆಂದು ಹೋದೆ. ಸಾಹೇಬರು ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ಬಾಗಿಲಲ್ಲಿ ನಿಂತೆ. ನನ್ನ ಮುಖ ನೋಡಿದರು. ಕೈ ಮಾಡಿದರು. ಬಂದುಬಿಟ್ಟೆ. ಹೇಳಿದ ಹಾಗೇ ಆಯಿತು."

ಪರದೆಯ ಮೇಲೆ ಮೂಡಿದ್ದು ಇಷ್ಟು: "ನಾನು ಇಂಜಿನಿಯರರಿಗೆ ವಿಷಯ ತಿಳಿಸಿದೆ."

ಅಚ್ಚುಕಟ್ಟಾದ ವಾಕ್ಯ. ಕೋರ್ಟಿನಲ್ಲಿ ಸಾಹೇಬರು ಬರೆಸಬಹುದಾಗಿದ್ದ ವಾಕ್ಯ. ಎಲ್ಲರ ಕಣ್ಣೆದುರು ಆ ಒಡಕು ಮಾತು ಮೂಡುವುದನ್ನು ತಾಳಲಾರದೆ, ಗಂಗಕ್ಕನ ಬೆರಳು ಅದಕ್ಕೆ ತಲೆ ಬಾಚಿಬಿಟ್ಟಿತ್ತು. ಆದರೆ ಸಿದ್ರಾಮಪ್ಪ ಬಾಯಿಬಿಟ್ಟು ತಿಳಿಸಿರಲಿಲ್ಲ. ಅವನ ವಕೀಲರ ಮುಖ ಅರಳಿತು. ಎದುರಿನ ವಕೀಲರು ಕಾಗದದ ರಾಶಿಯಲ್ಲಿ ಏನನ್ನೋ ಹುಡುಕುತ್ತಿದ್ದರು. ಆಡಿದ್ದಕ್ಕೂ ಬರೆದದ್ದಕ್ಕೂ ಇದ್ದ ಅಂತರ ಕಂಡು ಬೆಚ್ಚಿದವರು ಗಂಗಕ್ಕ ಮತ್ತು ನಾನು, ಇಬ್ಬರೇ.

ಗಂಗಕ್ಕ ಕೀಲಿಗಳಿಂದ ಕೈ ಎತ್ತಿದಳು. ಎಲ್ಲರೂ ನಿಲ್ಲಿಸಿದರು.

"ಯಂತ್ರ ಕೆಟ್ಟಿತೇ?" ಎಂದರು ಪಂಢರಿನಾಥ ಸಾಹೇಬರು.

ಇದಕ್ಕಿಂತ ಒಳ್ಳೆಯ ದಾರಿ ಯಾರಿಗೆ ಸಿಗುತ್ತದೆ? ಹೊಸ ಯಂತ್ರ, ಏನೋ ಹೆಚ್ಚುಕಡಿಮೆ ಆಯಿತು ಎಂದರೆ ಮುಗಿಯಿತು. "ಹೌದು ಅನ್ನರಿ" ಎಂದು ನಾನು ಪಿಸುಗುಟ್ಟಿದೆ. ತಪ್ಪು ಕಂಡರೆ ಸುಮ್ಮನಿರಲಾಗದವಳು ನಾನೇ! ಆದರೆ ಆ ಹೊತ್ತಿಗೆ ನನಗೆ ಕಂಡದ್ದು ಆ ಕುರ್ಚಿಯೊಂದೇ.

ಗಂಗಕ್ಕ ಮತ್ತೆ ಕೀಲಿಗಳ ಮೇಲೆ ಕೈ ಇಟ್ಟಳು. "ಯಂತ್ರ ಸರಿ ಇದೆ. ತಪ್ಪು ನನ್ನದು. ಸಾಕ್ಷಿ ಹೇಳಿದ್ದು ಬೇರೆ, ನಾನು ಬರೆದದ್ದು ಬೇರೆ" ಎಂದಳು. ಆಮೇಲೆ ಡಬ್ಬಿ, ಬಾಗಿಲು, ಮುಖ, ಕೈ, ಒಂದನ್ನೂ ಬಿಡದೆ ಅವನ ಮಾತನ್ನು ಅವನು ಆಡಿದ ಹಾಗೇ ಹೇಳಿದಳು. ಹಿಂದೆ ಬಿಂದುಮಾಧವರ ಬಿಸ್ಕೀಟು ಚಹಾದೊಳಗೆ ಬಿದ್ದುಹೋಯಿತು.

ಎದುರಿನ ವಕೀಲರು ಜಿಗಿದು ಎದ್ದರು. ಬರೆಯುವಾಕೆಯೂ ಕರ್ನಾಟಕದವಳು, ಸಾಕ್ಷಿಯೂ ಕರ್ನಾಟಕದವನು, ಇನ್ನು ಈ ದಾಖಲೆಯನ್ನು ನಂಬುವುದು ಹೇಗೆ ಎಂದರು. ಪಂಢರಿನಾಥ ಸಾಹೇಬರು ಕನ್ನಡಕ ತೆಗೆದರು. "ಶಿವಗಂಗಾಬಾಯಿ, ನನ್ನ ಕೋರ್ಟಿನಲ್ಲಿ ಆರು ವರ್ಷ ಇದ್ದಿರಿ. ಅಲ್ಲಿ ಇಂಥವು ಎಷ್ಟು ಸಾಫ್ ಆಗಿವೆ?"

"ಅಲ್ಲಿ ಸಾಫ್ ಮಾಡುತ್ತಿದ್ದವರು ನೀವು, ಸಾಹೇಬ. ನಾನು ಬರೆದುಕೊಳ್ಳುತ್ತಿದ್ದೆ."

ಸಾಹೇಬರು ಕನ್ನಡಕವನ್ನು ಮತ್ತೆ ಏರಿಸಿ ಆಕೆಯನ್ನು ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ನಕ್ಕರು. ತಪ್ಪನ್ನು ತಾನೇ ಎತ್ತಿ ತೋರಿಸಿದವಳನ್ನು ನಂಬದೆ ಇನ್ನಾರನ್ನು ನಂಬಲಿ ಎಂದು ವಕೀಲರನ್ನು ಕೂರಿಸಿ, ಸಾಕ್ಷಿಯ ಮಾತನ್ನು ಇದ್ದಂತೆಯೇ ಹಾಕಿಸಿದರು. ಸಿದ್ರಾಮಪ್ಪನ ಕಡೆ ತಿರುಗಿ, "ಕೈ ಮಾಡಿದರು ಎಂದಿರಲ್ಲ, ಹೇಗೆ?" ಎಂದು ಕೇಳಿದರು. ಅವನು ತುತ್ತು ಹಿಡಿದ ಕೈಯನ್ನು ಹಾಗೇ ಬೀಸಿ, "ಹೋಗು ಹೋಗು, ಅದೆಲ್ಲ ಗೊತ್ತು" ಅನ್ನುವಂತೆ ಮಾಡಿ ತೋರಿಸಿದ. ಸಂಜೆಯವರೆಗೆ ಇಬ್ಬರು ವಕೀಲರೂ ಆ ಒಂದು ಕೈಯ ಮೇಲೆಯೇ ಕಾದಾಡಿದರು.

ಎಲ್ಲರೂ ಎದ್ದುಹೋದ ಮೇಲೆ ಗಂಗಕ್ಕ ಯಂತ್ರ ಒರೆಸುತ್ತಿದ್ದಳು. ನಾನು ಲ್ಯಾಪ್‌ಟಾಪಿನಲ್ಲಿ ದಿನದ ದಾಖಲೆ ತಿರುವುತ್ತಿದ್ದಾಗ ಒಂದು ಕಡೆ ಕೈ ನಿಂತಿತು. ಆಕೆ ಮಾತಾಡಿದ್ದೂ ಅಲ್ಲಿತ್ತು. ಬಾಯಿ ಆಡುತ್ತಿರುವಾಗ ಬೆರಳುಗಳು ತಮ್ಮ ಪಾಡಿಗೆ ಬರೆದಿದ್ದವು. ಉಳಿದ ಎಲ್ಲರ ಮಾತಿನ ಆರಂಭದಲ್ಲಿ ಅವರವರ ಹೆಸರಿತ್ತು, ಈ ಸಾಲುಗಳಲ್ಲಿ ಮಾತ್ರ ಆ ಜಾಗ ಖಾಲಿ.

ಬಿಂದುಮಾಧವರು ಹಿಂದೆ ಬಂದು ನಿಂತರು. ಮುಖ ಬಿಗಿದಿತ್ತು. "ಇದನ್ನ ತಗದು ಬಿಡ್ರಿ" ಎಂದರು.

"ತಗದ್ರ ಮತ್ತ ಅದ ತಪ್ಪು ಮಾಡಿದಂಗ ಆಗ್ತದಲ್ರಿ" ಎಂದಳು ಗಂಗಕ್ಕ. "ಬೇಕಾದ್ರ ಮುಂಬೈದಾಕಿಗೆ ಫೋನ್ ಮಾಡ್ರಿ. ಇದು ಮಾತ್ರ ಇರ್ಲಿ."

ಅವರು ಆ ಸಾಲುಗಳನ್ನು ಇನ್ನೊಂದು ಸಲ ಓದಿದರು. ಜೇಬಿಗೆ ಕೈ ಹಾಕಿದರು, ಫೋನ್ ತೆಗೆಯಲಿಲ್ಲ. "ನಾಳೆ ಹತ್ತಕ್ಕ ಶುರು ಅದ. ಲಗೂನ ಬಂದು ಕುರ್ಚಿ ಹಿಡೀರಿ" ಎಂದು ಹೊರಟುಹೋದರು.

ನಾನು ಖಾಲಿ ಜಾಗದಲ್ಲಿ "ಶಿವಗಂಗವ್ವ" ಎಂದು ಹೊಡೆದೆ. ಆಕೆ ಬಗ್ಗಿ ನೋಡಿದಳು. ತನ್ನ ಹೆಸರನ್ನೂ ಅದರ ಮುಂದಿನ ಸಾಲನ್ನೂ ನಿಧಾನವಾಗಿ, ತುಟಿ ಅಲ್ಲಾಡಿಸುತ್ತ ಓದಿದಳು.

"ಮೂವತ್ತು ವರ್ಷ ಮಂದಿ ಮಾತು ಬರದೀನಿ ನೋಡು ರೇಣು. ನಂದು ಅಂತ ಮೊದಲನೇ ಮಾತು ಇವತ್ತ ಬಂತು. ಅದೂ ಏನು? ತಪ್ಪು ನಂದು ಅಂತ!"

ಹೇಳಿ ನಕ್ಕಳು, ಕಣ್ಣು ಒರೆಸಿಕೊಂಡಳು, ಮತ್ತೆ ನಕ್ಕಳು. ಆ ಪುಟದಲ್ಲಿ ನಾನು ಒಂದಕ್ಷರವನ್ನೂ ತಿದ್ದಲಿಲ್ಲ.