ಹುರುಳಿ ಹಾಸಿದ ದಾರಿ

ಚಾಮರಾಜನಗರದಲ್ಲಿ ಭಾನುವಾರ ಸೈಕಲ್ ತುಳಿಯುವವರದೊಂದು ಗುಂಪಿದೆ. ಬೆಳಕು ಹರಿಯುವ ಹೊತ್ತಿಗೆ ಜಾಕಿರನ ಹಾರ್ಡ್‌ವೇರ್ ಅಂಗಡಿಯ ಮುಚ್ಚಿದ ಶಟರಿನ ಮುಂದೆ ಸೇರುತ್ತಾರೆ. ಜಾಕಿರ್, ಬ್ಯಾಂಕಿನ ಮಲ್ಲಿಕಾರ್ಜುನಸ್ವಾಮಿ, ಇಬ್ಬರು ಮೇಷ್ಟ್ರು, ಔಷಧಿ ಅಂಗಡಿಯವನೊಬ್ಬ. ಗುಂಪಿನಲ್ಲಿ ಹೆಂಗಸು ಒಬ್ಬಳೇ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆಯಾಗಿರುವ ಮೀನಾ. ಎರಡನೇ ಹೆರಿಗೆಯ ನಂತರ ರಕ್ತದಲ್ಲಿ ಸಕ್ಕರೆ ಏರತೊಡಗಿದಾಗ ಡಾಕ್ಟರು ಮೈ ಬೆವರುವ ಕೆಲಸ ಏನಾದರೂ ಮಾಡಬೇಕೆಂದರು. ಗಂಡ ಶಿವರಾಮು ಆಸ್ಪತ್ರೆಯ ಲ್ಯಾಬಿನಲ್ಲಿರುವವನು, ಸಕ್ಕರೆಯ ಕಷ್ಟ ಬಲ್ಲವನು. ಮೈಸೂರಿನಿಂದ ಯಾರೋ ಬಳಸಿ ಬಿಟ್ಟ ಗೇರ್ ಸೈಕಲ್ಲೊಂದನ್ನು ತಂದು ಪಡಸಾಲೆಯಲ್ಲಿ ನಿಲ್ಲಿಸಿದ. ಅತ್ತೆ ಮಲ್ಲಾಜಮ್ಮ ಅದರ ಸುತ್ತ ಒಂದು ಸಲ ತಿರುಗಿ ನೋಡಿ, "ಕ್ಯಾರಿಯರ್ರೇ ಇಲ್ಲ. ಒಂದು ತೆಂಗಿನಕಾಯಿ ತರಕ್ಕೂ ಆಗದ ಸೈಕಲ್ಲು," ಎಂದು ಒಳಗೆ ಹೋದಳು. ಬೇಡವೆನ್ನಲಿಲ್ಲ.

ಗುಂಪಿನವರು ದಾರಿಯನ್ನು ಗುಡಿ ನೋಡಿ ಆರಿಸುತ್ತಿದ್ದರು. ಒಂದು ವಾರ ಹರದನಹಳ್ಳಿ, ಒಂದು ವಾರ ನರಸಮಂಗಲ, ಬಿಸಿಲು ಕಡಿಮೆಯಿದ್ದರೆ ಯಳಂದೂರು. ಹಳೆಯ ಊರಿನ ಹಳೆಯ ಕಲ್ಲಿನ ಮುಂದೆ ಸೈಕಲ್ ಒರಗಿಸಿ ಫೋಟೋ ತೆಗೆದು, ಇಡ್ಲಿ ತಿಂದು ಹಿಂದಿರುಗುವುದು. ಮೀನಾ ಸೇರಿದ ಮೇಲೆ ಹೊಸದೊಂದು ದಾರಿ ಹೇಳತೊಡಗಿದಳು. ತೆರಕಣಾಂಬಿಯ ಗುಡಿ, ಅಲ್ಲಿಂದ ಗುಂಡ್ಲುಪೇಟೆಯ ವಿಜಯನಾರಾಯಣ ಗುಡಿ, ಆಮೇಲೆ ಹೆದ್ದಾರಿ ಬಿಟ್ಟು ಒಳದಾರಿಯಲ್ಲಿ ಭೀಮನಬೀಡು, ಹಂಗಳ, ಕಾಡಂಚು ಹಿಡಿದು ಗೋಪಾಲಸ್ವಾಮಿ ಬೆಟ್ಟದ ಬುಡ. ವಾಪಸ್ಸು ಬರಲು ಸೈಕಲ್ಲುಗಳಿಗೊಂದು ಗೂಡ್ಸ್ ಆಟೋ.

"ಹೆದ್ದಾರೀಲೇ ಹೋದ್ರೆ ಹಂಗಳ ನೇರ ಸಿಗುತ್ತಲ್ಲಮ್ಮ. ಆ ಭೀಮನಬೀಡಲ್ಲಿ ನೋಡೋಕೇನಿದೆ?" ಎಂದು ಮಲ್ಲಿಕಾರ್ಜುನಸ್ವಾಮಿ ಕೇಳಿದ್ದರು.

"ಲಾರಿ ಇರಲ್ಲ ಸಾರ್. ಸೂರ್ಯಕಾಂತಿ ಹೊಲದ ಮಧ್ಯ ಹೋಗ್ತೀವಿ. ಬೆಟ್ಟ ಬುಡದಿಂದ ತುದಿವರೆಗೂ ಕಾಣುತ್ತೆ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹೇಳದೆ ಬಿಟ್ಟದ್ದು ಒಂದಿತ್ತು. ಆ ಊರಿನಲ್ಲಿ ಅವಳ ದೊಡ್ಡವ್ವ ಇದ್ದಳು.

ಯಾರಾದರೂ ಕೇಳಿದರೆ ಮೀನಾಳ ತವರು ಕುದೇರು. ಅಪ್ಪ ಇರುವುದು ಅಲ್ಲಿ. ಆದರೆ ಹೆತ್ತವ್ವ ತೀರಿಕೊಂಡಾಗ ಅವಳಿನ್ನೂ ತೊಟ್ಟಿಲ ಕೂಸು. ಅಪ್ಪ ಮತ್ತೊಂದು ಮದುವೆಯಾದ. ಕೂಸನ್ನು ಅವ್ವನ ಅಕ್ಕ ದೊಡ್ಡಮಲ್ಲಮ್ಮ ಸೆರಗಿನಲ್ಲಿ ಸುತ್ತಿಕೊಂಡು ಭೀಮನಬೀಡಿಗೆ ಹೋದಳು. ತನ್ನ ಮಗ ಮಹದೇವನ ಜೊತೆಗೇ ಇದಕ್ಕೂ ತುತ್ತಿಟ್ಟಳು, ತಲೆ ಬಾಚಿದಳು, ಹೊಡೆದಳು, ಓದಿಸಿದಳು. ಎಂಟನೇ ತರಗತಿಯಲ್ಲಿ ಸರ್ಕಾರದ ಸೈಕಲ್ ಸಿಕ್ಕಾಗ ಅದರ ಹಿಂದಿನ ಚಕ್ರ ಹಿಡಿದು ಊರ ಮುಂದಿನ ರಸ್ತೆಯುದ್ದಕ್ಕೂ ಓಡಿದವಳು ಅವಳೇ. ಆ ರಸ್ತೆಯಲ್ಲೇ ಮೀನಾ ಗುಂಡ್ಲುಪೇಟೆಯ ಹೈಸ್ಕೂಲಿಗೆ ಹೋಗಿ ಬಂದಳು.

ಮದುವೆಯಲ್ಲಿ ಧಾರೆ ಎರೆದುಕೊಟ್ಟವನು ಮಾತ್ರ ಅಪ್ಪ. ಹಾಗಾಗಿ ಗೌರಿಹಬ್ಬದ ಬಾಗಿನ ಕುದೇರಿನಿಂದ ಬರುತ್ತದೆ. ಹೆರಿಗೆಗೆ ಕರೆದೊಯ್ದದ್ದು ಕುದೇರಿಗೆ, ವರ್ಷಕ್ಕೆರಡು ಸಲ ಮಕ್ಕಳನ್ನು ಕಟ್ಟಿಕೊಂಡು ಹೋಗುವುದೂ ಕುದೇರಿಗೆ. ಚಿಕ್ಕಮ್ಮ ಅಲ್ಲಿ ಒಳ್ಳೆಯ ಮಾತೇ ಆಡುತ್ತಾಳೆ. ಭೀಮನಬೀಡಿಗೆ ಹೋಗಬೇಡವೆಂದು ಗಂಡನಾಗಲಿ ಅತ್ತೆಯಾಗಲಿ ಎಂದೂ ಅಂದವರಲ್ಲ. ಆದರೆ ಅಲ್ಲಿಗೆ ಕರೆದೊಯ್ಯುವ ಹಬ್ಬವಾಗಲಿ ಶಾಸ್ತ್ರವಾಗಲಿ ಇರಲಿಲ್ಲ. ಒಂದಕ್ಕೆ ತವರೆಂದು ಹೆಸರಾದ ಮೇಲೆ ಇನ್ನೊಂದು ಮನೆಗೆ ಹೋಗಲು ಬಾಯಿಬಿಟ್ಟು ಕೇಳಬೇಕು. ಮೀನಾಗೆ ಕೇಳುವುದು ಬರುತ್ತಿರಲಿಲ್ಲ. ಸೈಕಲ್ ಬಂದ ಮೇಲೆ ಕೇಳುವ ಅಗತ್ಯವಿಲ್ಲದ ದಾರಿಯೊಂದು ಅವಳಿಗೆ ಹೊಳೆಯಿತು.

ತಿಂಗಳಿಗೊಂದು ಭಾನುವಾರ ಗುಂಪು ಆ ದಾರಿ ಹಿಡಿಯತೊಡಗಿತು. ಭೀಮನಬೀಡಿನಲ್ಲಿ ಎಲ್ಲರೂ ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಕೂತಾಗ ಮೀನಾ ಬಾಟಲಿ ಕೈಗೆತ್ತಿಕೊಂಡು, "ನೀರು ತುಂಬಿಸ್ಕೊಂಡು ಬರ್ತೀನಿ" ಎಂದು ಕೇರಿಯೊಳಗೆ ನಡೆಯುತ್ತಿದ್ದಳು. ದೊಡ್ಡವ್ವ ಬಾಗಿಲಲ್ಲೇ ಕಾದಿರುತ್ತಿದ್ದಳು. ಮೀನಾಳ ಕೆನ್ನೆ ಸವರಿ, ಬೆನ್ನು ಸವರಿ, ರೊಟ್ಟಿಯೊಂದನ್ನು ಕೈಗಿಡುವಷ್ಟರಲ್ಲಿ ಟೀ ಅಂಗಡಿಯಿಂದ ಜಾಕಿರನ ಸೀಟಿ ಕೇಳಿಸುತ್ತಿತ್ತು.

"ಬಂದೆ ಅನ್ನದ್ರೊಳಗೆ ಓಯ್ತೀನಿ ಅಂತೀಯಲ್ಲಮ್ಮಿ. ಕೆಂಡದ ಮ್ಯಾಲೆ ನಿಂತಿದ್ದೀಯಾ?"

"ಕಾಯ್ತಾವ್ರೆ ದೊಡ್ಡವ್ವ."

"ಕಾಯ್ಲಿ ಬುಡು. ಕತ್ತೆ ಕಾಯಕ್ಕೆ ಓಗ್ಬೇಕಾ ಅವ್ರು?"

ಹೀಗೇ ಮಳೆಗಾಲ ಕಳೆಯಿತು. ಹೊಲಗಳಲ್ಲಿ ಸೂರ್ಯಕಾಂತಿ ಹೋಗಿ ಹುರುಳಿ ಬಂತು. ಸಂಕ್ರಾಂತಿಗೆ ಮುಂಚಿನ ಭಾನುವಾರ ಆ ದಾರಿಯ ಸರದಿ ಬಂದಾಗ ಮೀನಾ ಎಂದಿನಂತೆ ಹಿಂದಿನ ದಿನವೇ ಗುಂಪಿಗೆ ವಾಟ್ಸಾಪ್ ಕಳಿಸಿದಳು. ತೆರಕಣಾಂಬಿಯ ಹತ್ತಿರ ಹಂಪುಗಳಿವೆ, ಗುಂಡ್ಲುಪೇಟೆ ಮಾರ್ಕೆಟ್ಟಿನ ಮುಂದೆ ಈರುಳ್ಳಿ ಲಾರಿಗಳು ಅಡ್ಡ ನಿಂತಿರುತ್ತವೆ, ಹಂಗಳ ದಾಟಿದ ಮೇಲೆ ಕೋತಿಗಳಿಗೆ ಬಾಳೆಹಣ್ಣು ತೋರಿಸಬೇಡಿ, ಆನೆ ಕಂಡರೆ ಫೋಟೋ ತೆಗೆಯಬೇಡಿ, ನಿಂತಲ್ಲೇ ನಿಲ್ಲಿ. ರಸ್ತೆಯ ಮೇಲೆ ಹುರುಳಿ ಇರುತ್ತದೆ ಎಂದು ಅವಳು ಬರೆಯಲಿಲ್ಲ. ಮುಚ್ಚಿಡಬೇಕೆಂದಲ್ಲ, ನೆನಪಿಗೇ ಬರಲಿಲ್ಲ. ಆ ಊರಿನಲ್ಲಿ ಬೆಳೆದವರಿಗೆ ಚಳಿಗಾಲದ ರಸ್ತೆ ಎಂದರೆ ಹುರುಳಿ ಹಾಸಿದ ರಸ್ತೆಯೇ. ಕಿತ್ತ ಗಿಡವನ್ನು ಟಾರಿನ ಮೇಲೆ ಮೊಣಕಾಲೆತ್ತರ ಹರಡಿ, ಎರಡು ತುದಿಗೂ ಕಲ್ಲಿಡುತ್ತಾರೆ. ಬಸ್ಸು, ಟ್ರ್ಯಾಕ್ಟರು ಹರಿದು ಕಾಳು ಬಿಡಿಸುತ್ತವೆ. ಹೈಸ್ಕೂಲಿಗೆ ಹೋಗುವಾಗ ಮೀನಾ ದಿನವೂ ಅದರ ಮೇಲೇ ಸೈಕಲ್ ಬಿಟ್ಟವಳು. ಹ್ಯಾಂಡಲ್ ನೇರ ಹಿಡಿಯಬೇಕು, ತುಳಿಯುತ್ತಲೇ ಇರಬೇಕು, ಬ್ರೇಕ್ ಮುಟ್ಟಬಾರದು. ಉಸಿರಾಡುವುದನ್ನು ಯಾರೂ ಹೇಳಿಕೊಡದ ಹಾಗೆ ಇದನ್ನೂ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಊರ ಮುಂದಿನ ತಿರುವಿನಲ್ಲಿ ಅವಳು ಮುಂದಿದ್ದಳು. ಹುರುಳಿ ಕಂಡಿತು, ಹತ್ತಿಸಿ ಇಳಿಸಿದಳು. ಹಿಂದೆಯೇ ಬಂದ ಮಲ್ಲಿಕಾರ್ಜುನಸ್ವಾಮಿ ಗಾಬರಿಯಿಂದ ಎರಡೂ ಬ್ರೇಕ್ ಹಿಡಿದರು. ಒಣಗಿದ ಗಿಡದ ಕೆಳಗೆ ಉದುರಿದ್ದ ಕಾಳು ಗೋಲಿಗಳಂತೆ ಉರುಳಿತು. ಸೈಕಲ್ಲು ಒಂದು ಕಡೆ, ಅವರು ಒಂದು ಕಡೆ. ಎಡ ಮಣಿಕಟ್ಟು ಮೈಯಡಿಗೆ ಸಿಕ್ಕಿತು.

ಗಿಡ ಮಗುಚುವ ಕವೆಗೋಲು ಹಿಡಿದು ರಸ್ತೆಗೆ ಬೆನ್ನು ಹಾಕಿ ನಿಂತಿದ್ದ ಮುದುಕಿ ಓಡಿಬಂದಳು. ದೊಡ್ಡಮಲ್ಲಮ್ಮ. ಹುರುಳಿ ಅವಳದೇ.

"ಅಯ್ಯೋ ಶಿವನೇ, ಏಳಪ್ಪ, ಏಳು. ಉರುಳಿ ಮ್ಯಾಲೆ ಯಾರಾದ್ರೂ ಬಿರೇಕ್ ಇಡೀತಾರಾ?"

ಮಲ್ಲಿಕಾರ್ಜುನಸ್ವಾಮಿ ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಎದ್ದು ಕೂತರು. "ಇದೇನು ರಸ್ತೆನಾ, ನಿಮ್ಮನೆ ಕಣನಾ?"

"ಕಣ ಈಗ ಎಲ್ಲೈತೆ ಸೋಮಿ? ತುಳಿಸಕ್ಕೆ ದನ ಎಲ್ಲವೆ? ಬಸ್ಸು ಎಲ್ಡು ಸಲ ಓಡಾಡುದ್ರೆ ಕಾಳೆಲ್ಲ ಉದುರ್ತದೆ. ನಿಮ್ ಸೈಕಲ್ ಚಕ್ರ ನೋಡಿದ್ರೆ ಪೊರಕೆ ಕಡ್ಡಿ ಇದ್ದಂಗದೆ, ಒಂದು ಕಾಳೂ ಬಿಡ್ಸಕಿಲ್ಲ."

"ಪೊಲೀಸಿಗೆ ಫೋನ್ ಮಾಡ್ತೀನಿ ನಾನು."

"ಮಾಡಿ ಸಾರ್," ಎಂದ ಹೊಲದಿಂದ ಬಂದ ಮಹದೇವ. "ಅವ್ರ ಜೀಪೂ ಒಂದು ಸುತ್ತು ಓಡ್ಲಿ, ಇನ್ನೂ ಅರ್ಧ ಬಾಕಿ ಅದೆ."

ಟೀ ಅಂಗಡಿಯವರು ನಕ್ಕರು. ಮಲ್ಲಿಕಾರ್ಜುನಸ್ವಾಮಿಯ ಮುಖ ಕೆಂಪಾಯಿತು. ಅಷ್ಟರಲ್ಲಿ ಮೀನಾ ಸೈಕಲ್ ತಿರುಗಿಸಿಕೊಂಡು ಬಂದಿದ್ದಳು. ದೊಡ್ಡವ್ವನ ಮುಖ ಅರಳಿತು.

"ಓ, ನಿನ್ ಕಡೆಯೋರಾ ಅಮ್ಮಿ ಇವ್ರು?"

ಮಲ್ಲಿಕಾರ್ಜುನಸ್ವಾಮಿ ತಲೆಯೆತ್ತಿ ನೋಡಿದರು. "ನಿಮಗೆ ಗೊತ್ತಾ ಇವರು? ಯಾರಿವರು, ಮೀನಾ?"

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಈ ದಾರಿ ಯಾಕೆ ಹಾಕಿದ್ದೆಂದು ಈಗಲೇ ಬಯಲಾದರೆ ಮುಂದಿನ ತಿಂಗಳಿಂದ ಈ ದಾರಿಯೇ ಇರುವುದಿಲ್ಲ ಎನ್ನಿಸಿತು. "ಗೊತ್ತಿರೋರು ಸಾರ್," ಎಂದಳು. "ಇದೇ ಊರವರು."

ದೊಡ್ಡಮಲ್ಲಮ್ಮ ಒಂದು ಗಳಿಗೆ ಅವಳನ್ನು ನೋಡಿದಳು. ಆಮೇಲೆ ಬಗ್ಗಿ, ಚೆಲ್ಲಾಪಿಲ್ಲಿಯಾದ ಹುರುಳಿಯನ್ನು ಕವೆಗೋಲಿನಿಂದ ಮತ್ತೆ ರಸ್ತೆಯ ಮಧ್ಯಕ್ಕೆ ಎಳೆಯತೊಡಗಿದಳು. ಅವತ್ತು ಮೀನಾ ನೀರು ತುಂಬಿಸಿಕೊಳ್ಳಲಿಲ್ಲ. ಗೂಡ್ಸ್ ಆಟೋದಲ್ಲಿ ಮಲ್ಲಿಕಾರ್ಜುನಸ್ವಾಮಿಯ ಪಕ್ಕ ಕೂತು ಗುಂಡ್ಲುಪೇಟೆಯ ಆಸ್ಪತ್ರೆಗೆ ಹೋದಳು.

ಆ ವಾರವೆಲ್ಲ ಅವಳು ಕಚೇರಿಯಲ್ಲಿ ಕೊಟ್ಟ ಕೆಲಸ ಮಾಡಿದಳು, ಮನೆಯಲ್ಲಿ ಇಟ್ಟದ್ದು ಉಂಡಳು. ಮಹದೇವನಿಗೆ ಎರಡು ಸಲ ಫೋನ್ ಮಾಡಿದಳು. "ಅವ್ವ ಹೊಲದಲ್ಲವ್ಳೆ," ಎಂದ ಎರಡು ಸಲವೂ. ದೊಡ್ಡವ್ವ ಫೋನಿಗೆ ಬರುತ್ತಿಲ್ಲವೆಂಬುದು ಅವಳಿಗೆ ತಿಳಿಯಿತು. ತಾನು ಉಳಿಸಿಕೊಳ್ಳಲು ಹೋದದ್ದು ದಾರಿಯನ್ನೋ ದೊಡ್ಡವ್ವನನ್ನೋ ಎಂದು ಅವಳು ಒಗೆಯುವ ಕಲ್ಲಿನ ಮುಂದೆ ನಿಂತು ತುಂಬ ಹೊತ್ತು ಯೋಚಿಸಿದಳು.

ಶನಿವಾರ ಸಂಜೆ ಗುಂಪು ಜಾಕಿರನ ಅಂಗಡಿಯಲ್ಲಿ ಸೇರಿತು. ಮಲ್ಲಿಕಾರ್ಜುನಸ್ವಾಮಿ ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಕಟ್ಟಿಕೊಂಡು ಬಂದಿದ್ದರು. ಆ ದಾರಿ ಇನ್ನು ಬೇಡವೆಂದರು. ಪಂಚಾಯಿತಿಗೂ ಠಾಣೆಗೂ ದೂರು ಕೊಡುತ್ತೇನೆ, ಜೀವ ಹೋಗಿದ್ದರೆ ಯಾರು ಹೊಣೆ ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ.

"ಸಾರ್," ಎಂದಳು ಮೀನಾ. "ಹುರುಳಿ ಇರುತ್ತೆ ಅಂತ ನಾನು ಹೇಳಬೇಕಿತ್ತು. ನಾನು ಆ ಊರವಳು. ನಂಗೆ ಅದು ಕಣ್ಣಿಗೇ ಬೀಳಲ್ಲ. ಆಮೇಲೆ ಆ ಯಮ್ಮ ಬರೀ ಗೊತ್ತಿರೋರಲ್ಲ. ನಮ್ಮ ದೊಡ್ಡವ್ವ. ನನ್ನ ಸಾಕಿದೋರು. ಈ ದಾರಿ ಹಾಕಿದ್ದೇ ಅವರ ಮುಖ ನೋಡೋಕೆ."

ಜಾಕಿರ್ ಮೊಳೆಯ ಡಬ್ಬಿಯೊಂದನ್ನು ಸುಮ್ಮನೆ ಅತ್ತಿತ್ತ ಸರಿಸಿದ.

"ಅಂದ್ರೆ ಆ ಬೆಟ್ಟ, ಸೂರ್ಯಕಾಂತಿ ಎಲ್ಲ..." ಎಂದರು ಮಲ್ಲಿಕಾರ್ಜುನಸ್ವಾಮಿ.

"ಅದೂ ಸುಳ್ಳಲ್ಲ ಸಾರ್."

ಅವರು ತಮ್ಮ ಪ್ಲಾಸ್ಟರನ್ನೇ ನೋಡುತ್ತ ಕೂತರು. "ದೂರು ಬೇಡ ಬಿಡಿ," ಎಂದರು ಕೊನೆಗೆ. "ಆದರೆ ಆ ದಾರೀಲಿ ನಾನಂತೂ ಬರಲ್ಲಮ್ಮ. ಬೇರೆಯವರನ್ನೂ ಕರ್ಕೊಂಡು ಹೋಗೋದು ಸರಿಯಲ್ಲ." ಮೇಷ್ಟ್ರುಗಳು ತಲೆಯಾಡಿಸಿದರು. ಗುಂಪು ಇನ್ನು ತೆರಕಣಾಂಬಿಯಿಂದಲೇ ಹಿಂದಿರುಗುವುದೆಂದಾಯಿತು. ಹೊರಡುವಾಗ ಜಾಕಿರ್ ಮಾತ್ರ, "ನಾಳೆ ಗುಂಡ್ಲುಪೇಟೆಗಂಟ ನಾನು ಜೊತೆಗೆ ಬರ್ತೀನಿ ಮೀನಕ್ಕ. ನಮ್ಮ ಆಪಾ ಮನೆ ಅಲ್ಲೇ ಇದೆ, ನಾನೂ ಹೋಗಿ ಭಾಳ ದಿನ ಆಯ್ತು," ಎಂದ. ನಾಳೆ ಹೋಗುತ್ತೇನೆಂದು ಅವಳಿನ್ನೂ ಅಂದಿರಲಿಲ್ಲ.

ಮನೆಗೆ ಬಂದು, ಅವರೆಕಾಯಿ ಸುಲಿಯುತ್ತಿದ್ದ ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತಳು. "ಅತ್ತೆ, ನಾಳೆ ಭೀಮನಬೀಡಿಗೆ ಹೋಗ್ಬೇಕು. ದೊಡ್ಡವ್ವನ್ನ ನೋಡಕ್ಕೆ."

"ಓಗು."

"ಸೈಕಲ್ ಗುಂಪು ಬರಲ್ಲ. ನಾನೇ ಹೋಗೋದು."

"ಅದಕ್ಕೇನು? ಓಗು ಅಂದ್ನಲ್ಲ." ಮಲ್ಲಾಜಮ್ಮ ಕಾಯಿ ಬಿಟ್ಟು ಸೊಸೆಯ ಮುಖ ನೋಡಿದಳು. "ಅದ್ಸರಿ, ತಿಂಗ್ಳು ತಿಂಗ್ಳು ಅಷ್ಟು ದೂರ ತುಳ್ಕೊಂಡು ಓಗ್ತಿದ್ದುದು ಅದ್ಕೇಯಾ? ಬಾಯ್ಬುಟ್ಟು ಏಳಿದ್ರೆ ಬಸ್ಸಲ್ಲಿ ಕಳುಸ್ತಿದ್ನಲ್ಲವ್ವಾ!"

ಮೀನಾಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಬಸ್ಸು ಬೇಡ ಅತ್ತೆ. ಸೈಕಲ್ಲೇ ಚೆನ್ನಾಗದೆ."

"ನಿನ್ನಿಷ್ಟ. ಈ ಅವರೆಕಾಯಿ ತಕ್ಕೊಂಡೋಗಿ ಕೊಡು. ಎಲ್ಲಿ ಕಟ್ಟೀಯೋ ಕಾಣೆ, ಕ್ಯಾರಿಯರ್ ಬೇರೆ ಇಲ್ಲ."

ಅವರೆಕಾಯಿ ಬೆನ್ನಿನ ಬ್ಯಾಗಿನಲ್ಲಿ ಹೋಯಿತು. ಗುಂಡ್ಲುಪೇಟೆಯಲ್ಲಿ ಜಾಕಿರ್ ತನ್ನ ಅಕ್ಕನ ಬೀದಿಗೆ ತಿರುಗಿದ. ಮುಂದೆ ಒಳದಾರಿಯಲ್ಲಿ ಮೀನಾ ಒಬ್ಬಳೇ. ಬೆಟ್ಟದ ನೆತ್ತಿಯ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಎರಡೂ ಕಡೆ ಹೊಲ ಬರಿದಾಗಿತ್ತು. ಕಟಾವಾದ ಸಾಲುಗಳಲ್ಲಿ ಬೆಳ್ಳಕ್ಕಿಗಳು ಯಾವ ಅವಸರವೂ ಇಲ್ಲದೆ ನಡೆದಾಡುತ್ತಿದ್ದವು.

ದೊಡ್ಡವ್ವ ರಸ್ತೆಯಲ್ಲೇ ಇದ್ದಳು. ಕೊನೆಯ ಹೊಲದ ಹುರುಳಿ ಹಾಸಿತ್ತು. ಮೀನಾ ಸೈಕಲ್ ಇಳಿದು ನಿಂತಳು. ಮುದುಕಿ ತಲೆಯೆತ್ತಲಿಲ್ಲ.

"ಯಾರದು? ಗೊತ್ತಿರೋರಾ?"

"ಬೈಯಿ ದೊಡ್ಡವ್ವ. ಬೈಸ್ಕೊಳಕ್ಕೇ ಬಂದಿವ್ನಿ."

"ನಾನ್ಯಾಕೆ ಬೈಲಿ? ಊರೋರ್ನೆಲ್ಲ ಬೈಯ್ತಾ ಕೂತ್ರೆ ಒಕ್ಕಣೆ ಮಾಡೋರ್ಯಾರು?" ಕವೆಗೋಲು ಒಂದೆರಡು ಸಲ ಗಿಡ ಮಗುಚಿತು. "ಎಲ್ಲಿ ನಿನ್ ದಂಡು?"

"ಅವ್ರು ಬರಕಿಲ್ವಂತೆ ಇನ್ಮೇಲೆ. ಒಬ್ಳೇ ಬಂದೆ."

"ಮನೇಲಿ ಏನಂತ ಏಳ್ದೆ?"

"ದೊಡ್ಡವ್ವನ್ನ ನೋಡಕ್ಕೆ ಓಯ್ತೀನಿ ಅಂದೆ. ಆ ದಂಡಿನೋರ್ಗೂ ಏಳ್ಬುಟ್ಟೆ, ನೀನು ಯಾರು ಅಂತ. ಎಲ್ರಿಗೂ."

ದೊಡ್ಡಮಲ್ಲಮ್ಮ ಆಗ ನೆಟ್ಟಗೆ ನಿಂತಳು. ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದುದರಿಂದಲೋ ಏನೋ ಮುಖ ಕಿವುಚಿದಳು. "ಅಂಗಾರೆ ಸಂಜೆಗಂಟ ಇರ್ತೀಯಾ?"

"ಇರ್ತೀನಿ."

"ಬಡ್ಡೀ ಮಗ್ಳೇ, ನಿಂತ್ಕೊಂಡು ಏನ್ ನೋಡ್ತೀಯೆ ಮತ್ತೆ? ಆ ಕಡೆ ತುದಿ ಇಡ್ಕೊ. ಬಸ್ಸು ಬರೋದ್ರೊಳಗೆ ಒಂದ್ಸಲ ಮಗುಚಾಕ್ಬುಡನ."

ಮೀನಾ ಬ್ಯಾಗು ಬೇಲಿಯ ಮೇಲೆ ನೇತುಹಾಕಿ ಅಂಗಿಯ ತೋಳು ಮಡಚಿದಳು. ಇಬ್ಬರೂ ಎರಡು ಕಡೆಯಿಂದ ಮಗುಚುತ್ತ ಮಧ್ಯಕ್ಕೆ ಬರುವಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. ರಸ್ತೆ ಬಿಟ್ಟು ನಿಂತರು. ಡ್ರೈವರು ಗೇರ್ ಇಳಿಸಿ, ಕಿಟಕಿಯಿಂದ ಕೈಯೆತ್ತಿ, ಹುರುಳಿಯ ನಡುಮಧ್ಯೆ ನಿಧಾನವಾಗಿ ಬಸ್ಸು ಹರಿಸಿಕೊಂಡು ಹೋದ. ಕಾಳು ಚಟಚಟನೆ ಸಿಡಿಯಿತು, ಹೊಟ್ಟಿನ ಧೂಳು ಮೇಲೆದ್ದಿತು. ದೊಡ್ಡಮಲ್ಲಮ್ಮ ಸೆರಗೆಳೆದು ಮೂಗಿಗೆ ಹಿಡಿದುಕೊಂಡಳು. ಅದರ ಇನ್ನೊಂದು ಅಂಚನ್ನು, ಅತ್ತ ನೋಡದೆಯೇ, ಮೀನಾಳ ಮೂಗಿಗೆ ಹಿಡಿದಳು.